"ಯೋಚನೆ ಮಾಡಬೇಡಿ, ನಾವಿದ್ದೇವೆ": ಕಾರು ಮಾರುವವರ ಭರವಸೆಯನ್ನು ಓದುವುದು ಹೇಗೆ?

ಕಾರು ಕೊಳ್ಳುವುದು ದೊಡ್ಡವರ ವಿಷಯ, ಅದರಿಂದ ನಮಗೇನು ಎಂದು ಈ ಪುಟವನ್ನು ಮಗುಚಬೇಡಿ. ಬಹಳಷ್ಟು ಮನೆಗಳಲ್ಲಿ ಹಣ ಹೊಂದಿಸುವವರು ಅಪ್ಪ, ಸಹಿ ಹಾಕುವವರು ಅಪ್ಪ ಅಥವಾ ಅಮ್ಮ. ಆದರೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಕಾಗದವನ್ನು "ಇದರಲ್ಲಿ ಏನು ಬರೆದಿದ್ದಾರೆ ನೋಡು" ಎಂದು ಕೊಡುವುದು ಶಾಲೆಗೋ ಕಾಲೇಜಿಗೋ ಹೋಗುವ ನಿಮ್ಮ ಕೈಗೇ. ಆ ಕಾಗದವನ್ನು ಹೇಗೆ ಓದಬೇಕೆಂಬುದೇ ಈ ಲೇಖನದ ವಿಷಯ.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಸ್ವಲ್ಪ ಕಾಫಿ, ಅದರ ಮರಗಳಿಗೆ ಹಬ್ಬಿಸಿದ ಮೆಣಸು, ಒಂದು ವರ್ಷ ಶುಂಠಿ, ಇನ್ನೊಂದು ವರ್ಷ ಬೇರೇನೋ. ಹಣ ಕೈಗೆ ಬರುವುದು ತಿಂಗಳಿಗೊಮ್ಮೆ ಅಲ್ಲ, ಕುಯ್ಲು ಮುಗಿದ ಮೇಲೆ. ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದಾರೆ. ರಾತ್ರಿ ಹೊತ್ತು ಏನಾದರೂ ಆದರೆ ಬೇಲೂರಿಗೋ ಹಾಸನಕ್ಕೋ ಕರೆದೊಯ್ಯಬೇಕು. ಆ ಹೊತ್ತಿನಲ್ಲಿ ಬಸ್ಸಿಲ್ಲ. ಹೀಗಾಗಿ ಕಾರಿನ ಮಾತು ಬರುತ್ತದೆ. ಎಲ್ಲರೂ ಸೇರಿ ಹಾಸನದ ಅಥವಾ ಚಿಕ್ಕಮಗಳೂರಿನ ಷೋರೂಮಿಗೆ ಹೋಗುತ್ತಾರೆ. ಅಲ್ಲಿ ಕಾಫಿ ಕೊಟ್ಟು ಕೂರಿಸಿ, ಅಪ್ಪ ಕೇಳುವ ಪ್ರತಿಯೊಂದು ಪ್ರಶ್ನೆಗೂ ಮಾರಾಟದ ಹುಡುಗ ಒಂದೇ ಉತ್ತರ ಕೊಡುತ್ತಾನೆ: "ಯೋಚನೆ ಮಾಡಬೇಡಿ ಸಾರ್, ನಾವಿದ್ದೀವಲ್ಲ."

ಈ ಮಾತು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ಈ "ನಾವು" ಎಂದರೆ ಯಾರು? ಕಾರು ತಯಾರಿಸಿದ ಕಂಪನಿಯೇ, ಅದನ್ನು ಮಾರುವ ಅಂಗಡಿಯೇ, ಸಾಲ ಕೊಡುವ ಬ್ಯಾಂಕೇ, ವಿಮಾ ಕಂಪನಿಯೇ? ಷೋರೂಮಿನ ಒಂದೇ ಮೇಜಿನ ಮೇಲೆ ಈ ನಾಲ್ವರ ಕಾಗದವೂ ಇರುತ್ತದೆ. ನಾಲ್ವರೂ ಬೇರೆ ಬೇರೆ. ಒಬ್ಬರು ಕೊಟ್ಟ ಮಾತಿಗೆ ಇನ್ನೊಬ್ಬರು ಹೊಣೆಯಲ್ಲ.

ಇಷ್ಟೊಂದು ಉಪಚಾರದ ಮಾತು ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಿಮ್ಮ ಅಜ್ಜಂದಿರ ಕಾಲದಲ್ಲಿ ಕಾರು ಎಂದರೆ ಹೆಚ್ಚಾಗಿ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಪರವಾನಗಿ ಬೇಕಿತ್ತು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ ಕೈಮುಗಿಯುತ್ತಿದ್ದವನು ಗಿರಾಕಿ. ಮಾರುವವನು ಭರವಸೆ ಕೊಡುವ ಅಗತ್ಯವೇ ಇರಲಿಲ್ಲ. 1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕಾರು ಹಸ್ತಾಂತರವಾಯಿತು. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟುಪಾಡು ಹೋಯಿತು. ಹೊರದೇಶದ ಕಂಪನಿಗಳು ಬಂದವು. ನಮ್ಮ ಬಿಡದಿಯಲ್ಲೇ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಎದ್ದಿತು. ಗಿರಾಕಿಗೆ ಆಯ್ಕೆ ಸಿಕ್ಕಿದ ದಿನದಿಂದ ಕೈಮುಗಿಯುವ ಸರದಿ ಅಂಗಡಿಯವರದಾಯಿತು.

ಇನ್ನೊಂದು ಕಾರಣ ವ್ಯಾಪಾರದ ಒಳಗಿನದು. ಹೊಸ ಕಾರು ಮಾರಿದಾಗ ಡೀಲರನಿಗೆ ಸಿಗುವ ಲಾಭಾಂಶ ತೆಳುವಾದದ್ದು. ಅವನ ಅಂಗಡಿ ನಡೆಯುವುದು ಸರ್ವೀಸು, ಬಿಡಿಭಾಗ, ವಿಮೆ, ಸಾಲದ ಕಮಿಷನ್ನು, ಮತ್ತೆ ಐದಾರು ವರ್ಷಕ್ಕೆ ನೀವು ಕೊಳ್ಳುವ ಇನ್ನೊಂದು ಕಾರು, ಇವುಗಳಿಂದ. ಆದ್ದರಿಂದಲೇ ಹಬ್ಬಕ್ಕೆ ಶುಭಾಶಯ, ಮಳೆಗಾಲಕ್ಕೆ ಎಚ್ಚರಿಕೆ, ಪರೀಕ್ಷೆಯ ಕಾಲದಲ್ಲಿ ಮಕ್ಕಳ ಆಹಾರದ ಬಗ್ಗೆ ಸಲಹೆ ಎಂದೆಲ್ಲ ಡೀಲರುಗಳು ಗಿರಾಕಿಗಳಿಗೆ ಬರೆಯುತ್ತಿರುತ್ತಾರೆ. ಇದು ವಂಚನೆಯಲ್ಲ, ಧರ್ಮಕಾರ್ಯವೂ ಅಲ್ಲ. ಸಂಬಂಧ ತುಂಡಾಗದಂತೆ ನೋಡಿಕೊಳ್ಳುವ ವ್ಯಾಪಾರ.

2020ರ ಪಾಠ

ಈ ಭರವಸೆಗಳಿಗೆ ದೊಡ್ಡ ಪರೀಕ್ಷೆ ಬಂದದ್ದು 2020ರಲ್ಲಿ. ಕೊರೋನಾ ಸೋಂಕು ತಡೆಯಲು ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಯಾಯಿತು. ಷೋರೂಮುಗಳಿಗೆ ಬೀಗ ಬಿತ್ತು. ಆ ಏಪ್ರಿಲ್ ತಿಂಗಳಲ್ಲಿ ದೇಶದ ಅತಿ ದೊಡ್ಡ ಕಾರು ಕಂಪನಿಯಾದ ಮಾರುತಿ ಸುಜುಕಿ ದೇಶದೊಳಗೆ ಮಾರಿದ ಕಾರುಗಳ ಸಂಖ್ಯೆ ಸೊನ್ನೆ! ಮಾರಲು ಏನೂ ಇಲ್ಲದ ಆ ದಿನಗಳಲ್ಲಿ ದೇಶವಿದೇಶಗಳ ಡೀಲರುಗಳಿಂದ ಗಿರಾಕಿಗಳಿಗೆ ಸಂದೇಶಗಳು ಹೋದವು. ನಿಮ್ಮ ಆರೋಗ್ಯ ನಮಗೆ ಮುಖ್ಯ, ಕೈ ತೊಳೆಯುತ್ತಿರಿ, ಮನೆಯವರೊಂದಿಗೆ ಕಾಲ ಕಳೆಯಿರಿ, ಕಾರಿನ ಚಿಂತೆ ನಮಗಿರಲಿ, ಎಂಬ ಧಾಟಿಯಲ್ಲಿ.

ಇವುಗಳಲ್ಲಿ ಬೆಲೆಯಿದ್ದದ್ದು ಯಾವುದಕ್ಕೆ? ಕೈ ತೊಳೆಯಿರಿ ಎಂಬುದು ಒಳ್ಳೆಯ ಮಾತೇ. ಆದರೆ ಅದನ್ನು ಹೇಳಲು ಕಾರಿನ ಅಂಗಡಿ ಬೇಕಿಲ್ಲ. ಗಿರಾಕಿಗೆ ನಿಜವಾಗಿ ಬೇಕಾಗಿದ್ದ ಉತ್ತರ ಬೇರೆ. ಉಚಿತ ಸರ್ವೀಸಿನ ಗಡುವು ಈ ವಾರ ಮುಗಿಯುತ್ತದೆ, ವಾರಂಟಿ ಹೋಯಿತೇ? ಹಲವು ಕಂಪನಿಗಳು ಆಗ ವಾರಂಟಿಯ ಮತ್ತು ಉಚಿತ ಸರ್ವೀಸಿನ ಅವಧಿಯನ್ನು ಮುಂದೂಡಿ ಲಿಖಿತವಾಗಿ ಪ್ರಕಟಿಸಿದವು. ಅದು ಭರವಸೆ. ಡ್ರೈವಿಂಗ್ ಲೈಸೆನ್ಸ್, ನೋಂದಣಿ, ಅರ್ಹತಾಪತ್ರಗಳ ಬಗ್ಗೆ ಮಾತು ಕೊಡುವ ಅಧಿಕಾರ ಡೀಲರನಿಗೂ ಇಲ್ಲ, ಕಂಪನಿಗೂ ಇಲ್ಲ. ಫೆಬ್ರವರಿ 1ರ ನಂತರ ಅವಧಿ ಮುಗಿದ ಪತ್ರಗಳನ್ನು ಜೂನ್ 30ರವರೆಗೆ ಊರ್ಜಿತವೆಂದು ಪರಿಗಣಿಸಲು ಸೂಚಿಸಿದ್ದು ಕೇಂದ್ರ ಸಾರಿಗೆ ಸಚಿವಾಲಯ. ಮುಂದೆ ಆ ಗಡುವನ್ನು ಹಲವು ಬಾರಿ ವಿಸ್ತರಿಸಲಾಯಿತು. ವಿಮೆಯ ಕಂತು ಕಟ್ಟುವ ಗಡುವಿಗೆ ಮತ್ತೆ ಬೇರೆಯದೇ ಅಧಿಸೂಚನೆ ಬಂತು. ಒಂದೇ ಕಾರು, ಆದರೆ ಅದರ ಒಂದೊಂದು ಕಾಗದಕ್ಕೆ ಒಬ್ಬೊಬ್ಬ ಯಜಮಾನ.

ಅದೇ ವರ್ಷದ ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವಾಹನದ ಹೊಗೆಯಲ್ಲಿ ಎಷ್ಟು ವಿಷಾನಿಲ ಇರಬಹುದೆಂದು ನಿಗದಿ ಮಾಡುವ ಮಾನದಂಡಕ್ಕೆ ಭಾರತ್ ಸ್ಟೇಜ್ ಎಂದು ಹೆಸರು. ನಾಲ್ಕನೆಯ ಹಂತದ, ಅಂದರೆ ಬಿ.ಎಸ್. 4ರ ವಾಹನಗಳನ್ನು 2020ರ ಏಪ್ರಿಲ್ 1ರಿಂದ ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲೇ ಹೇಳಿತ್ತು. ಆದರೂ ಗಡುವಿನ ಕೊನೆಯ ವಾರದಲ್ಲಿ ಅಂಗಡಿಗಳಲ್ಲಿ ಹಳೆಯ ದಾಸ್ತಾನು ಉಳಿದಿತ್ತು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಮಾರ್ಚ್ 27ರಂದು ಕೋರ್ಟು, ಉಳಿದ ದಾಸ್ತಾನಿನ ಶೇಕಡ 10ರಷ್ಟನ್ನು ಲಾಕ್‌ಡೌನ್ ಮುಗಿದ ಮೇಲೆ ಹತ್ತು ದಿನ ಮಾರಲು ಅವಕಾಶ ಕೊಟ್ಟಿತು. ಆದರೆ ಷರತ್ತು ಮೀರಿ ಮಾರಾಟವಾದದ್ದು ಕಂಡುಬಂದು ಜುಲೈ 8ರಂದು ಆ ಅವಕಾಶವನ್ನೇ ಹಿಂತೆಗೆದುಕೊಂಡಿತು. ಹಣ ಕೊಟ್ಟು ಕಾರು ಮನೆಗೆ ತಂದವರ ಗತಿ? ಆಗಸ್ಟ್ 13ರಂದು ಉತ್ತರ ಬಂತು. ಮಾರ್ಚ್ 31ರೊಳಗೆ ಮಾರಾಟವಾಗಿ, ಸರ್ಕಾರದ ವಾಹನ್ ಗಣಕ ವ್ಯವಸ್ಥೆಯಲ್ಲಿ ವಿವರ ದಾಖಲಾಗಿದ್ದ ವಾಹನಗಳನ್ನು ಮಾತ್ರ ನೋಂದಾಯಿಸಬಹುದು.

ಅಂದರೆ, ಒಂದೇ ದಿನ ಒಂದೇ ಮಾದರಿಯ ಕಾರು ಕೊಂಡ ಇಬ್ಬರಲ್ಲಿ, ಯಾರ ಡೀಲರು ಗಣಕದಲ್ಲಿ ವಿವರ ತುಂಬಿಸಿದ್ದನೋ ಅವರ ಕಾರು ರಸ್ತೆಗೆ ಇಳಿಯಬಹುದಿತ್ತು. ಇನ್ನೊಬ್ಬರದು ಷೆಡ್ಡಿನಲ್ಲೇ. "ನೋಂದಣಿ ಆಗುತ್ತೆ ಬಿಡಿ ಸಾರ್" ಎಂಬ ಮಾತು ಇಬ್ಬರಿಗೂ ಸಿಕ್ಕಿರಬಹುದು. ಉಪಯೋಗಕ್ಕೆ ಬಂದದ್ದು ದಾಖಲೆ.

ಕಂಪನಿಯೇ ಊರು ಬಿಟ್ಟ ಉದಾಹರಣೆಗಳೂ ಇವೆ. ಜನರಲ್ ಮೋಟಾರ್ಸ್ ಕಂಪನಿ 2017ರ ಕೊನೆಯಲ್ಲಿ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಕಂಪನಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಎರಡೂ ಸಂದರ್ಭಗಳಲ್ಲಿ ಬಿಡಿಭಾಗ, ಸರ್ವೀಸು ಮತ್ತು ವಾರಂಟಿ ಮುಂದುವರಿಯುವುದೆಂದು ಕಂಪನಿಗಳು ಹೇಳಿದವು. ಇಲ್ಲಿ ಡೀಲರಿಗೂ ಕಂಪನಿಗೂ ಇರುವ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ವಾರಂಟಿ ಕೊಡುವುದು ಕಂಪನಿ. ಡೀಲರು ಕಂಪನಿಯ ನೌಕರನಲ್ಲ. ಒಪ್ಪಂದದ ಮೇಲೆ ಅದರ ಕಾರು ಮಾರುವ ಬೇರೆ ವ್ಯಾಪಾರಿ. ಹತ್ತಿರದ ಡೀಲರು ಬಾಗಿಲು ಹಾಕಿದರೂ ವಾರಂಟಿ ಸಾಯುವುದಿಲ್ಲ. ಆದರೆ ಸರ್ವೀಸಿಗಾಗಿ ನಲವತ್ತು ಕಿಲೋಮೀಟರಿನ ಬದಲು ಇನ್ನೂರು ಕಿಲೋಮೀಟರು ಹೋಗಬೇಕಾದೀತು. ಆದ್ದರಿಂದ ಗೆಂಡೆಹಳ್ಳಿಯಂಥ ಊರಿನವರು ಕಾರಿನ ಬಣ್ಣ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ: ಹಾಸನ, ಚಿಕ್ಕಮಗಳೂರು ಎರಡೂ ಕಡೆ ಇದರ ಸರ್ವೀಸ್ ಸ್ಟೇಷನ್ ಇದೆಯೇ?

ನೀವು ಮಾಡಬಹುದಾದ ಒಂದು ಲೆಕ್ಕ

ಭರವಸೆಗಳಲ್ಲಿ ಅತ್ಯಂತ ಹಿತವಾಗಿ ಕೇಳಿಸುವುದು "ಬಡ್ಡಿ ಬರೀ ಒಂಬತ್ತು ಪರ್ಸೆಂಟು" ಎಂಬುದು. ಹೈಸ್ಕೂಲಿನ ಗಣಿತ ಕಲಿತ ನೀವು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು.

5 ಲಕ್ಷ ರೂಪಾಯಿ ಸಾಲ, 5 ವರ್ಷ, ಶೇಕಡ 9 ಬಡ್ಡಿ ಎಂದಿಟ್ಟುಕೊಳ್ಳಿ. ಬಡ್ಡಿ ಲೆಕ್ಕ ಹಾಕಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ತಿಂಗಳು ತಿಂಗಳೂ ಕಂತು ಕಟ್ಟಿದಂತೆ ಅಸಲು ಇಳಿಯುತ್ತದೆ, ಉಳಿದ ಅಸಲಿಗೆ ಮಾತ್ರ ಬಡ್ಡಿ. ಆಗ ಕಂತು ಸುಮಾರು 10,380 ರೂಪಾಯಿ. ಐದು ವರ್ಷದ ಒಟ್ಟು ಬಡ್ಡಿ ಸುಮಾರು 1 ಲಕ್ಷ 23 ಸಾವಿರ. ಎರಡನೆಯದು "ಫ್ಲಾಟ್" ಬಡ್ಡಿ. ಇದರಲ್ಲಿ ಮೊದಲ ದಿನದ 5 ಲಕ್ಷಕ್ಕೇ ಐದೂ ವರ್ಷ ಬಡ್ಡಿ: ವರ್ಷಕ್ಕೆ 45 ಸಾವಿರ, ಒಟ್ಟು 2 ಲಕ್ಷ 25 ಸಾವಿರ. ಕಂತು 12,083. ಕೊನೆಯ ವರ್ಷದಲ್ಲಿ ಅಸಲಿನ ಬಹುಪಾಲು ತೀರಿಸಿದ್ದರೂ ನೀವು ಪೂರ್ತಿ 5 ಲಕ್ಷಕ್ಕೆ ಬಡ್ಡಿ ಕಟ್ಟುತ್ತಿರುತ್ತೀರಿ. ಮೊದಲ ದಾರಿಯ ಲೆಕ್ಕಕ್ಕೆ ತಿರುಗಿಸಿದರೆ ಈ "ಬರೀ ಒಂಬತ್ತು" ಸುಮಾರು ಶೇಕಡ 15.7 ಆಗುತ್ತದೆ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಒಂದು ಲಕ್ಷಕ್ಕೂ ಹೆಚ್ಚು. ಇಬ್ಬರೂ ಹೇಳಿದ್ದು ಒಂಬತ್ತೇ, ಇಬ್ಬರೂ ಸುಳ್ಳು ಹೇಳಿಲ್ಲ! ಹಾಗಾಗಿ ಬಡ್ಡಿಯ ದರ ಕೇಳಿ ಸುಮ್ಮನಾಗದೆ, ಕಂತು ಎಷ್ಟು, ಎಷ್ಟು ಕಂತು ಎಂದು ಕೇಳಿ ಗುಣಿಸಿ ನೋಡಿ. ಕುಯ್ಲಿನ ನಂತರ ಒಟ್ಟಿಗೆ ಹಣ ಬರುವ ಮನೆಯವರು ಇನ್ನೂ ಒಂದನ್ನು ಕೇಳಬೇಕು: ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಉಂಟೇ?

ವಿಮೆಯ ಬಗ್ಗೆ ಒಂದೇ ಮಾತು. ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಾನೂನಿನಂತೆ ಕಡ್ಡಾಯ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಅದನ್ನು ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಸಬೇಕು. ಆದರೆ ಅದನ್ನು ಷೋರೂಮಿನವರ ಮೂಲಕವೇ ಮಾಡಿಸಬೇಕೆಂಬ ಕಡ್ಡಾಯ ಇಲ್ಲ.

ಹೊಸದಕ್ಕೆ ಹಣ ಸಾಲದೆ ಹಳೆಯ ಕಾರು ಕೊಳ್ಳುವವರೂ, ಹಳೆಯದನ್ನು ಕೊಟ್ಟು ಹೊಸದು ತರುವವರೂ ಬಹಳ. ಇಲ್ಲಿ "ಹೆಸರು ಬದಲಾವಣೆ ನಾವೇ ಮಾಡಿಸ್ತೀವಿ" ಎಂಬ ಮಾತು ಬರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಅಪಘಾತ ನಡೆದಾಗ ಅದು ಯಾರ ಬಳಿ ಇತ್ತೆಂಬುದೂ ಗೊತ್ತಿತ್ತು. ಆದರೂ ಪರಿಹಾರದ ಹೊಣೆ ಬಿದ್ದದ್ದು ನೋಂದಣಿ ದಾಖಲೆಯಲ್ಲಿ ಹೆಸರಿದ್ದ ಮೂಲ ಮಾಲೀಕನ ಮೇಲೆ. ಕಾನೂನಿನ ಪ್ರಕಾರ, ಒಂದೇ ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಹಳೆ ಕಾರುಗಳ ವ್ಯಾಪಾರಿಗಳಿಗೆ ಅಧಿಕೃತ ಪರವಾನಗಿ ಕೊಟ್ಟು, ಕಾರು ಅವರ ಕೈಗೆ ಬಂದ ಮೇಲೆ ಹೊಣೆಯನ್ನೂ ಅವರ ಮೇಲೆ ಹೊರಿಸುವ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ನಿಮ್ಮ ಮನೆಯ ಹಳೆಯ ಕಾರನ್ನು ಒಪ್ಪಿಸುವಾಗ ಆ ವ್ಯಾಪಾರಿಗೆ ಇಂಥ ಅಧಿಕಾರಪತ್ರ ಇದೆಯೇ ಎಂದು ಕೇಳುವುದು ಅಪ್ಪನಿಗೆ ಸಂಕೋಚವಾದರೆ ನೀವೇ ಕೇಳಿ.

ಮನೆಗೆ ಬಂದ ಮೇಲೆ

ಡೀಲರುಗಳ ಗೃಹಹಿತದ ಸಲಹೆಗಳಲ್ಲಿ ಕೆಲವು ನಿಜಕ್ಕೂ ಪ್ರಾಣ ಉಳಿಸುವಂಥವು. ಆದರೆ ಕಾರಣ ತಿಳಿಯದೆ ಸಲಹೆ ನೆನಪಿನಲ್ಲಿ ಉಳಿಯುವುದಿಲ್ಲ.

ಬೆಳಿಗ್ಗೆ ಚಳಿಗೆ ಷೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಚಾಲೂ ಮಾಡಬಾರದು ಎನ್ನುತ್ತಾರೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗದೆ ಮನುಷ್ಯ ಮಂಪರಿನಲ್ಲೇ ಸಾಯಬಹುದು. ಷೆಡ್ಡು ಮನೆಗೆ ಅಂಟಿಕೊಂಡಿದ್ದರೆ ಒಳಗೆ ಮಲಗಿದವರಿಗೂ ಅಪಾಯ.

ಹಿಂದಿನ ಸೀಟಿನಲ್ಲಿ ಕುಳಿತವರೂ ಬೆಲ್ಟು ಹಾಕಬೇಕೆಂಬುದು ನಿಯಮ. ಹಾಕದವರಿಗೆ 1,000 ರೂಪಾಯಿ ದಂಡ ಎನ್ನುವುದಕ್ಕಿಂತ ಈ ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ 16.7 ಮೀಟರು. ಎತ್ತರದಿಂದ ಬಿದ್ದ ವಸ್ತುವಿಗೆ ಈ ವೇಗ ಬರಬೇಕಾದರೆ ಅದು ಸುಮಾರು 14 ಮೀಟರು ಮೇಲಿಂದ ಬೀಳಬೇಕು. ಅರಸೀಕೆರೆ ಕಡೆಯ ಒಂದು ಬೆಳೆದ ತೆಂಗಿನ ಮರದ ತುದಿಯನ್ನು ತಲೆಯೆತ್ತಿ ನೋಡಿ, ಅಂದಾಜು ಸಿಗುತ್ತದೆ. ಇನ್ನು ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ರೂಢಿ. ಇದೇ ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 15 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 250 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ತಾಯಿಯ ತೋಳಿಗೆ ಪ್ರೀತಿಯಿದೆ, ಅಷ್ಟು ಬಲ ಇಲ್ಲ.

ವಾರಗಟ್ಟಲೆ ನಿಲ್ಲುವ ಕಾರಿನ ಕಷ್ಟಗಳು ಸಣ್ಣವು, ಆದರೆ ಅಜ್ಜಿಗೆ ಎದೆನೋವು ಬಂದ ರಾತ್ರಿಯೇ ಅವು ಕಾಣಿಸಿಕೊಳ್ಳುತ್ತವೆ. ಎಂಜಿನ್ ನಿಂತಿದ್ದರೂ ಗಡಿಯಾರ, ಬೀಗದ ವ್ಯವಸ್ಥೆ ಇತ್ಯಾದಿಗಳು ಬ್ಯಾಟರಿಯಿಂದ ಚೂರು ಚೂರು ವಿದ್ಯುತ್ತು ಎಳೆಯುತ್ತಲೇ ಇರುತ್ತವೆ. ವಾರಕ್ಕೊಮ್ಮೆಯಾದರೂ ಒಂದಷ್ಟು ದೂರ ಓಡಿಸಬೇಕು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಬಹಳ ದಿನ ಬಿಟ್ಟರೆ ತುಕ್ಕಿಗೆ ಬ್ರೇಕು ಕಚ್ಚಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಿ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡುವುದು ಮೇಲು. ಬಾನೆಟ್ಟಿನ ಒಳಗೆ ಇಲಿ ಗೂಡು ಕಟ್ಟಿ ವೈರು ಕಡಿಯುತ್ತದೆ. ಕಾಳಿನ ಚೀಲ, ಹಿಂಡಿ ಇಟ್ಟಿರುವ ಕೊಟ್ಟಿಗೆಯಲ್ಲೇ ಕಾರು ನಿಲ್ಲಿಸುವ ಮನೆಗಳಲ್ಲಿ ಇದು ಹೆಚ್ಚು.

ನಿಮಗೆ ನೇರವಾಗಿ ತಟ್ಟುವ ವಿಷಯವೊಂದಿದೆ. ತೋಟದ ದಾರಿಯಲ್ಲಿ ಕಾರು ಕಲಿತ ಹುಡುಗರು ಹದಿನೆಂಟು ತುಂಬುವ ಮೊದಲೇ ಬೇಲೂರು ರಸ್ತೆಗೆ ಇಳಿಯುವುದುಂಟು. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ ತಪ್ಪಿತಸ್ಥರೆಂದು ಪರಿಗಣಿತರಾಗುವವರು ಪೋಷಕರು ಅಥವಾ ಕಾರಿನ ಮಾಲೀಕರು: ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಒಂದು ವರ್ಷ ಕಾರಿನ ನೋಂದಣಿ ರದ್ದು. ಯಾವ ಡೀಲರೂ ಇದರಲ್ಲಿ "ನಾವಿದ್ದೇವೆ" ಎನ್ನಲಾರ.

ಕೊನೆಗೆ, ಕೊಟ್ಟ ಮಾತು ತಪ್ಪಿದರೆ ಏನು ಮಾಡಬೇಕು? ಮೊದಲು ವಾರಂಟಿ ಪುಸ್ತಕ ತೆರೆಯಿರಿ. ಸವೆಯುವ ಭಾಗಗಳಾದ ಬ್ರೇಕ್ ಪ್ಯಾಡು, ವೈಪರ್ ರಬ್ಬರು, ಕ್ಲಚ್ಚಿನ ಬಿಲ್ಲೆ ಮೊದಲಾದವು ಸಾಮಾನ್ಯವಾಗಿ ವಾರಂಟಿಯಿಂದ ಹೊರಗೆ. ಉಚಿತ ಸರ್ವೀಸು ಎಂದರೆ ಕೂಲಿ ಉಚಿತ. ಎಣ್ಣೆಗೆ ಹಣ ಕೊಡಬೇಕು. ಗಡುವಿಗೆ ಸರ್ವೀಸು ಮಾಡಿಸಿ ಸೀಲು ಹಾಕಿಸದಿದ್ದರೆ ಕಂಪನಿ ಕೈ ಎತ್ತಬಹುದು. ಇವೆಲ್ಲ ಸರಿಯಿದ್ದೂ ನ್ಯಾಯ ಸಿಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. 1986ರ ಕಾಯ್ದೆಯ ಬದಲಿಗೆ ಬಂದು 2020ರ ಜುಲೈ 20ರಿಂದ ಜಾರಿಯಾದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಳ್ಳಿಯವರಿಗೆ ಅನುಕೂಲವಾದ ಒಂದು ಅಂಶವಿದೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಗೆಂಡೆಹಳ್ಳಿಯವರು ಹೋಗಬೇಕಾದದ್ದು ಹಾಸನಕ್ಕೆ. ಕಾರಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳದೆ ಸ್ವತಃ ವಾದಿಸಬಹುದು. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಅದರ ಜೊತೆಗೆ ಲಗತ್ತಿಸಲು ಬೇಕಾಗುವುದು ಮುಂಗಡ ಕಟ್ಟಿದ ರಸೀದಿ, ಬೆಲೆಯ ವಿವರಪಟ್ಟಿ, ಸಾಲದ ಒಪ್ಪಂದದ ಪ್ರತಿ, ಪ್ರತಿ ಸರ್ವೀಸಿನ ಬಿಲ್ಲು, ಮತ್ತು ಷೋರೂಮಿನವರು ಕಳುಹಿಸಿದ ಸಂದೇಶಗಳ ಪ್ರತಿ.